ಸೆಕೆಂಡು ಯಾರ ಕೈಯಲ್ಲಿತ್ತು? ವಾಡಿ ಜಂಕ್ಷನ್‌ನಿಂದ ಚಂದ್ರನವರೆಗೆ ಕ್ರೋನೋಗ್ರಾಫ್ ಕತೆ

ಇಯರ್‌ಫೋನ್ ಹಾಕ್ಕೊಂಡೀರಿ ಅಂತ ಅಂದ್ಕೋತೀನಿ. ಇವತ್ತಿನ ಸಂಚಿಕೆ ಕೈಗಡಿಯಾರದ ಬಗ್ಗೆ. ಬರೀ ಟೈಮ್ ತೋರಿಸೋ ವಾಚ್ ಅಲ್ಲ. ಬದಿಗೆ ಎರಡು ಬಟನ್, ಡಯಲ್ ಒಳಗೆ ಎರಡೋ ಮೂರೋ ಪುಟ್ಟ ಡಯಲ್ ಇರ್ತಾವಲ್ಲ, ಆ ವಾಚ್. ಅದರ ಹೆಸರು ಕ್ರೋನೋಗ್ರಾಫ್. ರೀಲ್ಸ್‌ನಲ್ಲಿ ನೋಡಿರ್ತೀರಿ: ಯಾರೋ ಒಬ್ಬರು ಹಳೇ ರೋಲೆಕ್ಸ್ ಡೇಟೋನಾ, ಒಮೆಗಾ ಸ್ಪೀಡ್‌ಮಾಸ್ಟರ್, ಹೋಯರ್ ತೋರಿಸಿ ಕೋಟಿ ಲೆಕ್ಕದಲ್ಲಿ ರೇಟು ಹೇಳ್ತಿರ್ತಾರೆ.

ನಾನು ಭಂಕೂರದವನು. ಶಹಾಬಾದ್ ಪಕ್ಕದ ಊರು. ಸುತ್ತಲೂ ಪರ್ಸಿ ಕಲ್ಲಿನ ಖಣಿ, ಸಿಮೆಂಟು, ರೈಲು. ಇಂಥಾ ಊರಿನವನು ಸ್ವಿಸ್ ಕ್ರೋನೋಗ್ರಾಫ್ ಇತಿಹಾಸ ಯಾಕೆ ಹೇಳ್ತಾನೆ ಅಂತ ಕೇಳಬಹುದು. ನನ್ನ ವಾದ ಇಷ್ಟೇ: ಸೆಕೆಂಡಿಗೆ ಬೆಲೆ ಬಂದಿದ್ದು ಶ್ರೀಮಂತರ ಕೈಯಲ್ಲಿ ಅಲ್ಲ. ರೈಲಿನಲ್ಲಿ, ಕಾರ್ಖಾನೆಯಲ್ಲಿ, ಯುದ್ಧದಲ್ಲಿ, ಆಸ್ಪತ್ರೆಯಲ್ಲಿ. ಅಂದ್ರೆ ನಮ್ಮಂಥ ಊರುಗಳಲ್ಲಿ. ಆ ಯಂತ್ರ ಮಾತ್ರ ನಮ್ಮ ಕೈಗೆ ಬರಲಿಲ್ಲ. ಯಾಕೆ ಅನ್ನೋದೇ ಇವತ್ತಿನ ಕತೆ.

ವಾಡಿಗೆ ಟೈಮ್ ಬಂದದ್ದು

ಮೊದಲು ನಮ್ಮ ಕಡೆಯಿಂದ ಶುರು ಮಾಡೋಣ. ಬಾಂಬೆಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ನಮ್ಮ ನೆಲ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನ ಕೂಡ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರು ಆಯ್ತು. ವಾಡಿ ಜಂಕ್ಷನ್ ಆಗಿದ್ದು ಹಂಗೆ.

ಆಗ ಬಾಂಬೆಯ ಗಡಿಯಾರ ಒಂದು ಹೇಳ್ತಿತ್ತು, ಮದ್ರಾಸಿನ ಗಡಿಯಾರ ಇನ್ನೊಂದು. ಎರಡಕ್ಕೂ ಸುಮಾರು 30 ನಿಮಿಷ ವ್ಯತ್ಯಾಸ. ಒಂದೇ ಹಳಿ ಮೇಲೆ ಎರಡು ಕಡೆಯಿಂದ ಗಾಡಿ ಬರ್ತಿರುವಾಗ ಅರ್ಧ ಗಂಟೆ ಆಚೀಚೆ ಆದ್ರೆ ಏನಾಗತ್ತೆ ಅಂತ ನೀವೇ ಯೋಚಿಸಿ. ಅದಕ್ಕೇ ರೈಲಿನವರು ಮದ್ರಾಸ್ ಟೈಮ್ ಹಿಡಿದರು. ಇಡೀ ದೇಶಕ್ಕೆ ಒಂದೇ ಟೈಮ್, ಅಂದ್ರೆ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಬಂದಿದ್ದು 1906ರಲ್ಲಿ. ಬಾಂಬೆ ಶಹರದವರು ಅದನ್ನ ಒಪ್ಪದೆ ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ತಮ್ಮದೇ ಟೈಮ್ ಇಟ್ಕೊಂಡಿದ್ರು.

ಹೊತ್ತು ಮೂಡೋದು ಮುಳುಗೋದು ನೋಡಿ ಬದುಕ್ತಿದ್ದ ಊರುಗಳಿಗೆ ನಿಮಿಷ ಅನ್ನೋದು ರೈಲಿನ ಜೊತೆ ಬಂತು. ಆಮೇಲೆ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರಲ್ಲಿ ಸೇರ್ತು. ಕಾರ್ಖಾನೆ ಬಂದ ಮೇಲೆ ಭೋಂಗಾ ಬಂತು. ಮನೆಯಲ್ಲಿ ಗಡಿಯಾರ ಇಲ್ಲದವರೂ ಭೋಂಗಾ ಕೇಳಿ ಡಬ್ಬಿ ಕಟ್ತಿದ್ರು. ಟೈಮ್ ಎಲ್ಲರಿಗೂ ಕೇಳ್ತಿತ್ತು. ಅದನ್ನ ಅಳೆಯೋ ಯಂತ್ರ ಮಾತ್ರ ಕೆಲವರ ಕೈಯಲ್ಲಿ ಇತ್ತು.

ಶಾಯಿಯಲ್ಲಿ ಬರೆದ ಸೆಕೆಂಡು

ಈಗ ಯುರೋಪಿಗೆ ಹೋಗೋಣ. 1816ರಲ್ಲಿ ಲೂಯಿ ಮ್ವಾನೆ ಅನ್ನೋ ಫ್ರೆಂಚ್ ಗಡಿಯಾರ ತಜ್ಞ ನಕ್ಷತ್ರಗಳನ್ನ ನೋಡೋ ಕೆಲಸಕ್ಕೆ ಅಂತ ಒಂದು ಯಂತ್ರ ಮಾಡಿದ. ಸೆಕೆಂಡಿನ 60ನೇ ಒಂದು ಭಾಗ ಅಳೀತಿತ್ತು ಅದು. 1821ರಲ್ಲಿ ಪ್ಯಾರಿಸ್ಸಿನ ಕುದುರೆ ರೇಸ್‌ನಲ್ಲಿ ನಿಕೊಲಾ ರಿಯೆಸೆಕ್ ಇನ್ನೊಂದು ಯಂತ್ರ ತಂದ. ಬಟನ್ ಒತ್ತಿದ್ರೆ ತಿರುಗೋ ಡಯಲ್ ಮೇಲೆ ಒಂದು ಶಾಯಿ ಚುಕ್ಕೆ ಬೀಳ್ತಿತ್ತು. ಕುದುರೆ ಗುರಿ ಮುಟ್ಟಿದಾಗ ಒಂದು ಚುಕ್ಕೆ. ಗ್ರೀಕ್‌ನಲ್ಲಿ ಕ್ರೋನೋಸ್ ಅಂದ್ರೆ ಕಾಲ, ಗ್ರಾಫ್ ಅಂದ್ರೆ ಬರೆಯೋದು. ಕ್ರೋನೋಗ್ರಾಫ್ ಅಂದ್ರೆ ಕಾಲ ಬರೆಯೋದು. ಇವತ್ತಿನ ವಾಚಿನಲ್ಲಿ ಶಾಯಿ ಇಲ್ಲ, ಹೆಸರು ಮಾತ್ರ ಉಳಿದಿದೆ.

ಇದು ಕೈಗೆ ಬಂದಿದ್ದು ಸುಮಾರು ನೂರು ವರ್ಷ ಆದ ಮೇಲೆ. 1913ರಲ್ಲಿ ಲಾಂಜಿನ್ ಕಂಪನಿ ಕೈಗಡಿಯಾರಕ್ಕೆ ಅಂತಲೇ ಕ್ರೋನೋಗ್ರಾಫ್ ಯಂತ್ರ ಮಾಡ್ತು. ಮೊದಲು ಶುರು ಮಾಡೋದು, ನಿಲ್ಲಿಸೋದು, ಸೊನ್ನೆಗೆ ತರೋದು ಮೂರಕ್ಕೂ ಒಂದೇ ಬಟನ್ ಇರ್ತಿತ್ತು. ಇವತ್ತು ನಾವು ನೋಡೋ ಎರಡು ಬಟನ್ ವಿನ್ಯಾಸವನ್ನ 1934ರಲ್ಲಿ ಬ್ರೈಟ್ಲಿಂಗ್ ಗಟ್ಟಿ ಮಾಡ್ತು. ಮೇಲಿನದು ಶುರು ಮತ್ತು ನಿಲ್ಲಿಸೋಕೆ, ಕೆಳಗಿನದು ಸೊನ್ನೆಗೆ. ಇದರಿಂದ ಏನು ಲಾಭ? ನಡುವೆ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ನಿಮ್ಮ ಫೋನಿನ ಸ್ಟಾಪ್‌ವಾಚ್ ಇವತ್ತಿಗೂ ಅದೇ ಲೆಕ್ಕದಲ್ಲಿ ಕೆಲಸ ಮಾಡತ್ತೆ.

ಡಯಲ್ ಅಂಚಿನ ಅಂಕಿಗಳು

ಹಳೇ ಕ್ರೋನೋಗ್ರಾಫ್ ಅಂಚಿನಲ್ಲಿ ಬರೆದಿರೋ ಅಂಕಿ ಯಾರಿಗೆ ಅಂತ ಓದಿದ್ರೆ, ಆ ವಾಚ್ ಯಾರ ಕೆಲಸಕ್ಕೆ ಹುಟ್ಟಿತು ಅಂತ ಗೊತ್ತಾಗತ್ತೆ.

ಒಂದು, ಟ್ಯಾಕಿಮೀಟರ್. ಒಂದು ಕಿಲೋಮೀಟರ್ ದಾಟೋಕೆ ಎಷ್ಟು ಸೆಕೆಂಡು ಹಿಡೀತು ಅಂತ ನೋಡಿದ್ರೆ ಮುಳ್ಳು ಸೀದಾ ವೇಗ ತೋರಿಸತ್ತೆ. 60 ಸೆಕೆಂಡಾದ್ರೆ ಗಂಟೆಗೆ 60 ಕಿಲೋಮೀಟರ್, 45 ಆದ್ರೆ 80, 36 ಆದ್ರೆ 100. ಮುಂದಿನ ಸಲ ಶಹಾಬಾದಿನಿಂದ ವಾಡಿಗೆ ಹೋಗುವಾಗ ಕಿಟಕಿ ಪಕ್ಕ ಕೂತು ಹಳಿ ಪಕ್ಕದ ಕಿಲೋಮೀಟರ್ ಕಲ್ಲು ಹಿಡಿದು ಫೋನಿನಲ್ಲೇ ಮಾಡಿ ನೋಡಿ. 3600ನ್ನ ಸೆಕೆಂಡಿನಿಂದ ಭಾಗಿಸಿದ್ರೆ ಸಾಕು.

ಎರಡು, ಟೆಲಿಮೀಟರ್. ಬೆಳಕು ಕಂಡಾಗ ಒತ್ತಬೇಕು, ಸದ್ದು ಕೇಳಿದಾಗ ಮತ್ತೆ ಒತ್ತಬೇಕು. ಮುಳ್ಳು ದೂರ ಹೇಳತ್ತೆ. ತೋಪಿನ ಕಿಡಿ ನೋಡಿ ಶತ್ರು ಎಷ್ಟು ದೂರ ಅಂತ ಸೈನಿಕರು ಅಳೀತಿದ್ದದ್ದು ಹಿಂಗೆ. ಸದ್ದು ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡು. ನಮ್ಮ ಕಡೆ ಹುಡುಗರಿಗೆ ಇದು ಹೊಸದಲ್ಲ. ಖಣಿಯಲ್ಲಿ ಸಿಡಿಮದ್ದು ಹಾರಿಸಿದಾಗ ಮೊದಲು ಧೂಳು ಏಳೋದು ಕಾಣತ್ತೆ, ಆಮೇಲೆ ಸದ್ದು ಬರತ್ತೆ. ನಾವು ಆ ನಡುವಿನ ಹೊತ್ತನ್ನ ಬಾಯಲ್ಲಿ ಎಣಿಸ್ತಿದ್ವಿ. ಡಯಲ್ ಒಂದೇ ಇರಲಿಲ್ಲ.

ಮೂರು, ಪಲ್ಸೋಮೀಟರ್. ಇದು ಡಾಕ್ಟರಿಗೆ. ನಾಡಿಯ 30 ಬಡಿತ ಎಣಿಸಿ ನಿಲ್ಲಿಸಿದ್ರೆ ನಿಮಿಷಕ್ಕೆ ಎಷ್ಟು ಅಂತ ಡಯಲ್ಲೇ ಹೇಳತ್ತೆ. 30 ಬಡಿತಕ್ಕೆ 25 ಸೆಕೆಂಡಾದ್ರೆ 72. ಇವತ್ತು ಸಂಗ್ರಹಕಾರರು ಡಾಕ್ಟರ್ಸ್ ವಾಚ್ ಅಂತ ಹುಡುಕೋದು ಇದನ್ನೇ.

ಕೂಲಿಯ ಮೇಲೆ ಓಡಿದ ಮುಳ್ಳು

ಇನ್ನೊಂದು ಅಂಕಿ ಇದೆ, ಅದರ ಬಗ್ಗೆ ರೀಲ್ಸ್‌ನಲ್ಲಿ ಯಾರೂ ಮಾತಾಡಲ್ಲ. ಕೆಲವು ಹಳೇ ವಾಚುಗಳಲ್ಲಿ ನಿಮಿಷವನ್ನ 60 ಭಾಗ ಅಲ್ಲ, 100 ಭಾಗ ಮಾಡಿರ್ತಾರೆ. ಅದು ಕಾರ್ಖಾನೆಗೆ. ಒಂದು ಕೆಲಸಕ್ಕೆ ಕಾರ್ಮಿಕ ಎಷ್ಟು ಹೊತ್ತು ತಗೋತಾನೆ ಅಂತ ಅಳೆದು ಸುಲಭವಾಗಿ ಲೆಕ್ಕ ಹಾಕೋಕೆ.

ಅಮೆರಿಕದ ಫ್ರೆಡೆರಿಕ್ ಟೇಲರ್ 1880ರ ದಶಕದಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಒಂದೊಂದು ಚಲನೆಯನ್ನೂ ಅಳೆಯೋಕೆ ಶುರು ಮಾಡಿದ. 1911ರಲ್ಲಿ ಅದನ್ನ ಪುಸ್ತಕ ಮಾಡಿದ. ಅದೇ 1911ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಅಚ್ಚು ಹೊಯ್ಯುವ ಕಾರ್ಮಿಕರು, ನಮ್ಮ ಮೇಲೆ ಸ್ಟಾಪ್‌ವಾಚ್ ಹಿಡಿಯೋದು ಬೇಡ ಅಂತ ಕೆಲಸ ಬಿಟ್ಟು ಹೊರಗೆ ನಡೆದ್ರು. ವಿಷಯ ಅಮೆರಿಕದ ಸಂಸತ್ತಿನವರೆಗೆ ಹೋಯ್ತು. 1915ರಿಂದ ಸೇನೆಯ ದುಡ್ಡಿನಲ್ಲಿ ಇಂಥಾ ಅಳತೆ ಮಾಡಬಾರದು ಅಂತ ನಿಷೇಧ ಬಂತು, 1949ರವರೆಗೂ ಇತ್ತು.

ನಾನು ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ಹಳೇ ವಾಚ್ ಪ್ರೀತಿ ಮಾಡೋರು ಅದರ ರೇಸ್ ಕಾರು, ವಿಮಾನ, ಚಂದ್ರನ ಕತೆ ಹೇಳ್ತಾರೆ. ಅದೇ ಯಂತ್ರ ಒಬ್ಬನ ಬೆವರಿಗೆ ರೇಟು ಕಟ್ಟೋಕೂ ಬಳಕೆ ಆಯ್ತು. ಶಿಫ್ಟಿನಲ್ಲಿ ದುಡಿದವರ ಮನೆಯಲ್ಲಿ ಬೆಳೆದ ನಮಗೆ ಈ ಎರಡೂ ಕತೆ ಒಟ್ಟಿಗೆ ಗೊತ್ತಿರಬೇಕು. ಇವತ್ತು ಡೆಲಿವರಿ ಆ್ಯಪ್ ನಿಮ್ಮ ನಿಮಿಷ ಎಣಿಸುವಾಗ ಅದು ಹೊಸ ತಂತ್ರಜ್ಞಾನ ಅಂತ ಅನ್ನಿಸಬಹುದು. ಅದರ ಬೇರು ಅಲ್ಲಿದೆ.

ಚಂದ್ರ, 14 ಸೆಕೆಂಡು, ಮತ್ತು 1969

ಈಗ ಆ ರೇಸು, ಚಂದ್ರನ ಕತೆಗೂ ಬರೋಣ, ಅದೂ ಚೆನ್ನಾಗೇ ಇದೆ. ಒಮೆಗಾ ಸ್ಪೀಡ್‌ಮಾಸ್ಟರ್ 1957ರಲ್ಲಿ ಬಂದಿದ್ದು ಕಾರ್ ರೇಸಿಗೆ. 1965ರಲ್ಲಿ ನಾಸಾ ಅದನ್ನ ಪರೀಕ್ಷೆ ಮಾಡಿ ಗಗನಯಾತ್ರಿಗಳಿಗೆ ಒಪ್ಪಿತು. 1969ರ ಜುಲೈನಲ್ಲಿ ಚಂದ್ರನ ಮೇಲೆ ಬಜ್ ಆಲ್ಡ್ರಿನ್ ಕೈಯಲ್ಲಿ ಅದೇ ಇತ್ತು. ನೀಲ್ ಆರ್ಮ್‌ಸ್ಟ್ರಾಂಗ್ ತಮ್ಮದನ್ನ ನೌಕೆಯೊಳಗೇ ಬಿಟ್ಟು ಇಳಿದಿದ್ರು. 1970ರ ಏಪ್ರಿಲ್‌ನಲ್ಲಿ ಅಪೋಲೋ 13 ಕೆಟ್ಟು, ವಿದ್ಯುತ್ ಉಳಿಸೋಕೆ ಉಪಕರಣಗಳನ್ನೆಲ್ಲ ಆರಿಸಿದಾಗ, ಭೂಮಿಗೆ ಮರಳೋ ದಾರಿ ಸರಿ ಮಾಡೋಕೆ ಎಂಜಿನ್ನನ್ನ 14 ಸೆಕೆಂಡು ಉರಿಸಬೇಕಿತ್ತು. ಆ 14 ಸೆಕೆಂಡನ್ನ ಕೀ ಕೊಡೋ ಕೈಗಡಿಯಾರದಲ್ಲಿ ಎಣಿಸಿದ್ರು.

1969 ಕ್ರೋನೋಗ್ರಾಫ್‌ಗೆ ದೊಡ್ಡ ವರ್ಷ. ಅಲ್ಲಿವರೆಗೆ ಎಲ್ಲಾ ಕ್ರೋನೋಗ್ರಾಫ್‌ಗೂ ದಿನಾ ಕೀ ಕೊಡಬೇಕಿತ್ತು. ಕೈ ಅಲ್ಲಾಡಿದ್ರೆ ತಾನೇ ಕೀ ತುಂಬಿಕೊಳ್ಳೋ ಕ್ರೋನೋಗ್ರಾಫ್ ಮಾಡೋಕೆ ಮೂರು ಕಡೆ ಓಟ ನಡೀತು. ಜನವರಿಯಲ್ಲಿ ಜೆನಿತ್ ತನ್ನ ಎಲ್ ಪ್ರಿಮೆರೊ ಘೋಷಿಸ್ತು. ಮಾರ್ಚ್‌ನಲ್ಲಿ ಹೋಯರ್, ಬ್ರೈಟ್ಲಿಂಗ್, ಹ್ಯಾಮಿಲ್ಟನ್ ಗುಂಪು ತಮ್ಮದನ್ನ ತೋರಿಸ್ತು. ಅದೇ ವರ್ಷ ಜಪಾನಿನ ಸೈಕೋ 6139 ಸದ್ದಿಲ್ಲದೆ ಅಂಗಡಿಗೆ ಬಂತು. ಮೊದಲು ಯಾರು ಅಂತ ಇವತ್ತಿಗೂ ಜಗಳ ಇದೆ. ಸೈಕೋ ಅಭಿಮಾನಿಗಳಿಗೆ ಒಂದು ಖುಷಿ: 1973ರ ಕೊನೆಗೆ ಸ್ಕೈಲ್ಯಾಬ್‌ಗೆ ಹೋದ ವಿಲಿಯಂ ಪೋಗ್ ಅಧಿಕೃತ ಒಪ್ಪಿಗೆ ಇಲ್ಲದ ತಮ್ಮ ಸೈಕೋವನ್ನೂ ಒಯ್ದಿದ್ರು. ಬಾಹ್ಯಾಕಾಶಕ್ಕೆ ಹೋದ ಮೊದಲ ಆಟೊಮ್ಯಾಟಿಕ್ ಕ್ರೋನೋಗ್ರಾಫ್ ಅದು.

ಅದೇ 1969ರ ಡಿಸೆಂಬರ್ 25ಕ್ಕೆ ಸೈಕೋ ಇನ್ನೊಂದು ವಾಚ್ ತಂತು. ಕ್ವಾರ್ಟ್ಜ್. ಅಲ್ಲಿಂದ ಕೀ ಕೊಡೋ ಗಡಿಯಾರದ ಕಾಲ ಮುಗೀತಾ ಬಂತು. ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದಲ್ಲಿ 1970ರಲ್ಲಿ ಸುಮಾರು 90,000 ಜನ ಇದ್ದರು. 1980ರ ದಶಕದ ನಡುವಿಗೆ ಅದು ಸುಮಾರು 30,000ಕ್ಕೆ ಇಳೀತು. ಜೆನಿತ್‌ನ ಅಮೆರಿಕನ್ ಮಾಲೀಕರು ಹಳೇ ಯಂತ್ರ, ಅಚ್ಚುಗಳನ್ನೆಲ್ಲ ತೆಗೆದುಹಾಕಿ ಅಂದ್ರು. ಚಾರ್ಲ್ಸ್ ವೆರ್ಮೊ ಅನ್ನೋ ಕೆಲಸಗಾರ ಆ ಮಾತು ಕೇಳಲಿಲ್ಲ. ಎಲ್ ಪ್ರಿಮೆರೊ ಮಾಡೋ ಉಪಕರಣಗಳಿಗೆ ಹೆಸರು ಚೀಟಿ ಅಂಟಿಸಿ ಕಾರ್ಖಾನೆಯ ಅಟ್ಟದಲ್ಲಿ ಬಚ್ಚಿಟ್ಟ. 1980ರ ದಶಕದಲ್ಲಿ ಮತ್ತೆ ಬೇಡಿಕೆ ಬಂದಾಗ ಅವೇ ಹೊರಗೆ ಬಂದವು. 1988ರಲ್ಲಿ ರೋಲೆಕ್ಸ್ ಡೇಟೋನಾ ಒಳಗೆ ಕೂತಿದ್ದು ಅದೇ ಯಂತ್ರದ ಬದಲಿಸಿದ ರೂಪ.

ನಮ್ಮ ಕೈಗೆ ಯಾಕೆ ಬರಲಿಲ್ಲ

ಸ್ವಿಸ್ ವಾಚ್ ಭಾರತಕ್ಕೆ ಹೊಸದಲ್ಲ. ಫಾವ್ರ್ ಲ್ಯೂಬಾ 19ನೇ ಶತಮಾನದಲ್ಲೇ ಬಾಂಬೆಗೆ ಬಂದಿತ್ತು. ವೆಸ್ಟ್ ಎಂಡ್ ವಾಚ್ ಕಂಪನಿ ಭಾರತದ ಮಾರುಕಟ್ಟೆಗಾಗಿಯೇ ಬೆಳೆದ ಹೆಸರು. ಹೈದರಾಬಾದಿಗೆ ಹೋದವರು ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಬಂದು ಗಂಟೆ ಹೊಡೆಯೋ ಗಡಿಯಾರದ ಮುಂದೆ ಕೂತೇ ಇರ್ತೀರಿ. 1948ರವರೆಗೆ ನಮ್ಮ ಭಾಗ ಅದೇ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗಡಿಯಾರದ ಶೋಕಿ ಅರಮನೆ, ದೇವಡಿಗಳಲ್ಲಿ ಇತ್ತು. ನಮ್ಮ ಕಡೆ ಅದು ರೈಲಿನ ಸಾಮಾನು, ಡ್ಯೂಟಿಯ ಸಾಮಾನು.

ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯ ಕಮ್ಮಿ ಇತ್ತು, ಆಮದಿಗೆ ಬಿಗಿ ಬಂತು. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ಓದಿದ್ರೆ ಆಶ್ಚರ್ಯ ಆಗತ್ತೆ. ಕಳ್ಳಸಾಗಣೆ ಮಾಲು ಅಂತ ಬಲವಾದ ಅನುಮಾನದ ಮೇಲೆ ಅಧಿಕಾರಿ ವಶಕ್ಕೆ ತಗೊಂಡ್ರೆ, ಅದು ಕಳ್ಳಮಾಲು ಅಲ್ಲ ಅಂತ ತೋರಿಸೋ ಹೊಣೆ ಇಟ್ಟುಕೊಂಡವರದ್ದೇ. ಆ ಸೆಕ್ಷನ್‌ನಲ್ಲಿ ಹೆಸರು ಹಿಡಿದು ಹೇಳಿರೋ ವಸ್ತುಗಳಲ್ಲಿ ಚಿನ್ನದ ಜೊತೆ ವಾಚೂ ಇದೆ. ಇವತ್ತಿಗೂ ಇದೆ. ಚಿನ್ನದ ಸಾಲಿನಲ್ಲಿ ಕೈಗಡಿಯಾರ! ಆ ಕಾಲದಲ್ಲಿ ಸ್ವಿಸ್ ವಾಚಿಗೆ ಎಷ್ಟು ಹಸಿವಿತ್ತು ಅಂತ ಇದರಿಂದಲೇ ಗೊತ್ತಾಗತ್ತೆ.

ಆ ಹಸಿವಿಗೆ ಉತ್ತರ ಕೊಟ್ಟಿದ್ದು ಬೆಂಗಳೂರು. 1961ರಲ್ಲಿ ಜಪಾನಿನ ಸಿಟಿಜನ್ ಸಹಾಯದಿಂದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರು ಆಯ್ತು. ಆಮೇಲೆ ತುಮಕೂರಿನಲ್ಲೂ ಬಂತು. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಕೊಡದ ಮಾವ ಇರಲಿಲ್ಲ ಅನ್ನೋ ಹಾಗಿತ್ತು. ಆದ್ರೆ ಈ ಹೆಸರುಗಳಲ್ಲಿ ಒಂದೂ ಕ್ರೋನೋಗ್ರಾಫ್ ಅಲ್ಲ. ಇದು ಕೊರತೆ ಅಂತ ನಾನು ಹೇಳಲ್ಲ. ಕ್ರೋನೋಗ್ರಾಫ್‌ನಲ್ಲಿ ಸಾದಾ ವಾಚಿಗಿಂತ ಎಷ್ಟೋ ಹೆಚ್ಚು ಚಕ್ರ, ಲಿವರ್, ಸ್ಪ್ರಿಂಗ್ ಇರ್ತಾವೆ, ರಿಪೇರಿಯೂ ಕಷ್ಟ. ಒಂದು ಬಡ ದೇಶ ಮೊದಲು ಎಲ್ಲರಿಗೂ ಟೈಮ್ ಕೊಡೋಣ ಅಂತು. ಸೆಕೆಂಡಿನ ಐಷಾರಾಮ ಆಮೇಲೆ ನೋಡೋಣ ಅಂತು. ಜನತಾ ಅನ್ನೋ ಹೆಸರಲ್ಲೇ ಅದು ಇದೆ.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಡ್ತು. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹೆರಿಟೇಜ್ ಸೆಂಟರ್ ತೆರೀತು. ಬೆಂಗಳೂರಿನಲ್ಲಿ ಇರೋರು ಒಂದು ಭಾನುವಾರ ಹೋಗಿ ಬನ್ನಿ. ವೆರ್ಮೊ ಅಟ್ಟದ ಕತೆ ನೆನಪಿಟ್ಕೊಂಡು ಅಲ್ಲಿನ ಯಂತ್ರಗಳನ್ನ ನೋಡಿ.

ಕೋಟಿಯ ವಾಚು, ನೂರರ ವಾಚು

2017ರ ಅಕ್ಟೋಬರ್‌ನಲ್ಲಿ ನಟ ಪಾಲ್ ನ್ಯೂಮನ್ ಕೈಯಲ್ಲಿದ್ದ ರೋಲೆಕ್ಸ್ ಡೇಟೋನಾ ನ್ಯೂಯಾರ್ಕ್ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯ್ತು. ಆಗಿನ ಲೆಕ್ಕದಲ್ಲಿ ಸುಮಾರು 115 ಕೋಟಿ ರೂಪಾಯಿ. ತಮಾಷೆ ಏನಂದ್ರೆ, ಆ ತರಹದ ಡಯಲ್ ಇರೋ ಡೇಟೋನಾ ಹೊಸದಿದ್ದಾಗ ಅಂಗಡಿಯಲ್ಲಿ ಯಾರಿಗೂ ಬೇಡವಾಗಿತ್ತು. ಹೆಂಡತಿ ಜೋಆನ್ ವುಡ್‌ವರ್ಡ್, ಹುಷಾರಾಗಿ ಗಾಡಿ ಓಡಿಸು ಅಂತ ಹಿಂದೆ ಕೆತ್ತಿಸಿ ಕೊಟ್ಟದ್ದು. ಜನ 115 ಕೋಟಿ ಕೊಟ್ಟದ್ದು ಸ್ಟೀಲಿಗಲ್ಲ. ಆ ವಾಚ್ ಯಾರದು, ಯಾರು ಕೊಟ್ಟರು, ಹೆಂಗೆ ಕೈ ಬದಲಾಯ್ತು ಅನ್ನೋದಕ್ಕೆ ಪುರಾವೆ ಇತ್ತು, ಅದಕ್ಕೆ.

ಇಂಥ ಸುದ್ದಿ ಕೇಳಿದ ಮೇಲೆ ನಮ್ಮ ಹುಡುಗರು ಮೊಬೈಲಿನಲ್ಲಿ ವಿಂಟೇಜ್ ಅಂತ ಹುಡುಕ್ತಾರೆ. ಎರಡು ಮೂರು ಸಾವಿರಕ್ಕೆ ಬಣ್ಣಬಣ್ಣದ ಡಯಲ್ ಇರೋ ಹಳೇ ಸ್ವಿಸ್ ವಾಚ್ ಸಿಗತ್ತೆ. ಪ್ರಪಂಚದ ಸಂಗ್ರಹಕಾರರು ಇದಕ್ಕೆ ಇಟ್ಟ ಹೆಸರು ಮುಂಬೈ ಸ್ಪೆಷಲ್. ಹಳೇ ಯಂತ್ರ, ಯಾವುದೋ ಕೇಸು, ಮೇಲೆ ಹೊಸದಾಗಿ ಬಣ್ಣ ಬಳಿದು ಹೆಸರು ಅಚ್ಚು ಹಾಕಿದ ಡಯಲ್. ಕೆಲವಲ್ಲಿ ಪುಟ್ಟ ಡಯಲ್‌ಗಳೂ ಬರೀ ಚಿತ್ರ! ಮುಳ್ಳು ತಿರುಗೋದೇ ಇಲ್ಲ.

ಹಂಗಾಗಿ ತಗೊಳ್ಳೋ ಮುಂಚೆ ಇಷ್ಟು ನೋಡಿ. ಮೇಲಿನ ಬಟನ್ ಒತ್ತಿದ್ರೆ ಸೆಕೆಂಡ್ ಮುಳ್ಳು ಜಿಗಿಯದೆ ಹೊರಡಬೇಕು. ಒಂದು ಸುತ್ತು ಮುಗಿದಾಗ ನಿಮಿಷ ಎಣಿಸೋ ಪುಟ್ಟ ಮುಳ್ಳು ಒಂದು ಮನೆ ಮುಂದೆ ಹೋಗಬೇಕು. ನಿಲ್ಲಿಸಿ ಕೆಳಗಿನದು ಒತ್ತಿದ್ರೆ ಎಲ್ಲಾ ಮುಳ್ಳು ಸರಿಯಾಗಿ ಸೊನ್ನೆಗೆ ಬರಬೇಕು. ಓಡ್ತಿರುವಾಗ ಕೆಳಗಿನ ಬಟನ್ ಒತ್ತಬೇಡಿ. ಡಯಲ್ ಮೇಲಿನ ಅಕ್ಷರ ಲೆನ್ಸ್ ಹಾಕಿ ನೋಡಿ, ಅಂಚು ಹರಡಿದ್ರೆ ಅನುಮಾನ ಪಡಿ. ಹಿಂದಿನ ಮುಚ್ಚಳ ತೆಗೆಸಿ ಯಂತ್ರದ ಮೇಲಿನ ಹೆಸರು, ನಂಬರ್ ಫೋಟೋ ತಗೊಳ್ಳಿ. ಬಿಲ್ ಕೇಳಿ, ಇಟ್ಕೊಳ್ಳಿ. 123ನೇ ಸೆಕ್ಷನ್ ಮರೀಬೇಡಿ.

ಇನ್ನೊಂದು ಆರೋಗ್ಯದ ಮಾತು. 1960ರ ದಶಕಕ್ಕಿಂತ ಹಳೇ ವಾಚಿನ ಮುಳ್ಳಿಗೆ ಕತ್ತಲಲ್ಲಿ ಹೊಳೆಯೋ ಬಣ್ಣ ಇದ್ರೆ ಅದು ರೇಡಿಯಂ ಇರಬಹುದು. ಹೊಳಪು ಹೋಗಿರತ್ತೆ, ವಿಕಿರಣ ಹೋಗಿರಲ್ಲ. ರೇಡಿಯಂ ಅರ್ಧದಷ್ಟು ಕರಗೋಕೇ ಸುಮಾರು 1,600 ವರ್ಷ ಬೇಕು. ಮನೆಯಲ್ಲಿ ಬಿಚ್ಚಿ ಕೆರೆಯೋದು, ಊದೋದು ಮಾಡಬೇಡಿ.

ಮುಂದೆ ರೇಟು ಬದಲಾಗಬಹುದು. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಗುಂಪಿನ ಜೊತೆ ಭಾರತ 2024ರ ಮಾರ್ಚ್‌ನಲ್ಲಿ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಮೇಲಿನ ಸುಂಕ ಹಂತ ಹಂತವಾಗಿ ಇಳಿಯತ್ತೆ. ಒಂದು ಕಾಲಕ್ಕೆ ಚಿನ್ನದ ಸಾಲಿನಲ್ಲಿದ್ದ ವಸ್ತು ಈಗ ಸಾದಾ ಸಾಮಾನಿನ ಕಡೆ ಬರ್ತಿದೆ.

ಆದ್ರೆ ಸುಂಕ ಇಳಿದ್ರೆ ವಾಚ್ ಬರತ್ತೆ, ಅದನ್ನ ಬಿಚ್ಚಿ ಜೋಡಿಸೋ ಕೈ ಬರಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಬಜಾರಿನಲ್ಲಿ ಕಣ್ಣಿಗೆ ಲೆನ್ಸ್ ಹಾಕ್ಕೊಂಡು ಕೂತ ಗಡಿಯಾರ ರಿಪೇರಿಯವರು ಎಷ್ಟು ಜನ ಉಳಿದಾರೆ, ನೀವೇ ಎಣಿಸಿ ನೋಡಿ. ಅವರ ಹತ್ರ ಕಲಿತವರು ಎಷ್ಟು ಅಂತಲೂ ಎಣಿಸಿ. ಅವರಿಗೆ ಎಚ್‌ಎಂಟಿ, ವೆಸ್ಟ್ ಎಂಡ್, ಫಾವ್ರ್ ಲ್ಯೂಬಾ ಬೆರಳ ತುದಿಯಲ್ಲಿ ಗೊತ್ತು. ಅದು ಯಾವ ಪುಸ್ತಕದಲ್ಲೂ ಇಲ್ಲ.

ಹಂಗಾಗಿ ಈ ವಾರ ನಿಮಗೊಂದು ಕೆಲಸ. ಮನೆಯ ಟ್ರಂಕಿನಲ್ಲಿ, ಅಲ್ಮಾರಿಯಲ್ಲಿ ಅಜ್ಜಂದು ಒಂದು ವಾಚ್ ಇದ್ದರೆ ಮೊದಲು ರೇಟು ಹುಡುಕಬೇಡಿ. ಯಾರು ಹಾಕ್ತಿದ್ರು, ಯಾವ ಶಿಫ್ಟಿಗೆ ಹೋಗ್ತಿದ್ರು, ಎಲ್ಲಿ ತಗೊಂಡ್ರು, ಕೊನೆಗೆ ಯಾವಾಗ ಕೀ ಕೊಟ್ರು ಅಂತ ಅಜ್ಜಿ ಹತ್ರ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಒಂದು ಚೀಟಿ ಬರೆದು ವಾಚಿನ ಜೊತೆ ಇಡಿ. ಆಮೇಲೆ ಬಜಾರಿನ ರಿಪೇರಿಯವರ ಹತ್ರ ಒಯ್ದು ಓಡೋ ಹಂಗೆ ಮಾಡಿಸಿ. ಅವರು ಕೆಲಸ ಮಾಡುವಾಗ ಎದುರಿಗೆ ಕೂತು ನೋಡಿ, ಪ್ರಶ್ನೆ ಕೇಳಿ. ಹೊತ್ತು ಹೋದ್ರೆ ಹೋಗ್ಲಿ, ಬೇಜಾರು ಮಾಡ್ಕೋಬೇಡಿ.

ಮತ್ತೆ ಸಿಗೋಣ್ರಿ.